ಸಹಾಯ ಬೇಕು: ಈರಿ ಸರೋವರದಲ್ಲಿ ಮೇ ತಿಂಗಳ ವಾಲೈ, ಬ್ಯಾಸ್ ಮೀನು

ಓಹಾಯೋ ಕಡೆ ಇರುವ ನಮ್ಮವರಲ್ಲಿ ಗಾಳ ಹಾಕುವವರು ಯಾರಾದರೂ ಇದ್ದೀರಾ? ಊರಿಂದ ಅಪ್ಪ ಬಂದಿದ್ದಾರೆ, ಹೊನ್ನಾವರದಲ್ಲಿ ಶರಾವತಿ ದಡದಲ್ಲೇ ಬೆಳೆದವರು. ಮೇ ಮೊದಲ ವಾರ ಪೋರ್ಟ್ ಕ್ಲಿಂಟನ್‌ನಲ್ಲಿ ದೋಣಿ ಬಾಡಿಗೆಗೆ ತಗೊಂಡು ಹೋಗುತ್ತಿದ್ದೇವೆ.

ಅಷ್ಟರಲ್ಲಿ ಹೆಚ್ಚಿನ ವಾಲೈ ಬಂಡೆ ದಿಬ್ಬಗಳ ಮೇಲೆ ಮೊಟ್ಟೆ ಇಟ್ಟು ಮುಗಿಸಿರುತ್ತವೆ, ಆಗಲೂ ಜಿಗ್‌ಗೆ (ಸೀಸದ ತೂಕ ಇರುವ ಗಾಳ) ಸಣ್ಣ ಮೀನು ಸಿಕ್ಕಿಸಿ ತಳದಲ್ಲೇ ಕುಣಿಸಬೇಕಾ, ಇಲ್ಲ ಎರೆಹುಳ ಹಾಕಿ ನಿಧಾನಕ್ಕೆ ಎಳೆಯೋದು ಒಳ್ಳೆಯದಾ? ಸೌತ್ ಬ್ಯಾಸ್ ದ್ವೀಪದ ಸುತ್ತ ಸ್ಮಾಲ್‌ಮೌತ್ ಬ್ಯಾಸ್ ಮೀನು ಎಷ್ಟು ಆಳದಲ್ಲಿ ಸಿಗುತ್ತೆ? ಗೂಡು ಕಾಯುವ ಗಂಡು ಸಿಕ್ಕರೆ ಅಲ್ಲೇ ತಕ್ಷಣ ಬಿಡುತ್ತೇವೆ, ತಡವಾದರೆ ಗೋಬಿ ಮೀನುಗಳು ನುಗ್ಗಿ ಮೊಟ್ಟೆ ತಿಂದುಹಾಕುತ್ತವೆ.

ಮುಖ್ಯವಾಗಿ ಗಾಳಿ. ಪಶ್ಚಿಮ ಭಾಗದ ಆಳ ಸರಾಸರಿ 24 ಅಡಿ ಅಷ್ಟೇ ಅಲ್ವಾ, ಅಲೆ ಬೇಗ ಏಳುತ್ತೆ. ಯಾವ ದಿಕ್ಕಿನ ಗಾಳಿ ಇದ್ದರೆ ಹೋಗಲೇಬಾರದು, ದಯವಿಟ್ಟು ಹೇಳಿ.