ಪ್ರಾಧ್ಯಾಪಕರ ಇಲಿಗಳು ಮತ್ತು ಕುಟುಂಬದ ಗುಂಪು

ಚಿಕ್ಕಪ್ಪ (ಸುರತ್ಕಲ್): ಫಾರ್ವರ್ಡ್ ಆಗಿ ಬಂದದ್ದು: “ಮಾದಕ ವಸ್ತುವಿನಿಂದ ಚಟ ಹತ್ತುವುದೇ ಇಲ್ಲವೆಂದು ಕೆನಡಾದ ಮನಶ್ಶಾಸ್ತ್ರ ಪ್ರಾಧ್ಯಾಪಕರು ಇಲಿಗಳ ಮೇಲೆ ಪ್ರಯೋಗಿಸಿ ಸಾಬೀತು ಮಾಡಿದ್ದಾರೆ.” ಮಣಿಪಾಲದಲ್ಲಿ ಓದುವ ನಮ್ಮ ಮಕ್ಕಳು ಇದನ್ನು ನಂಬಿದರೆ ಗತಿಯೇನು?

ರಮೇಶ ಭಾವ: ಇದರಲ್ಲಿ ಪ್ರಾಧ್ಯಾಪಕರ ಹೆಸರೂ ಇಲ್ಲ, ವರ್ಷವೂ ಇಲ್ಲ. ಕೊರೊನಾ ಸಮಯದಲ್ಲಿ ಕಷಾಯದ ಸಂದೇಶವನ್ನೂ ನೀವು ಹೀಗೆಯೇ ಕಳುಹಿಸಿದ್ದಿರಿ. ದಯವಿಟ್ಟು ಮೂಲ ಕೊಡಿ.

ದೊಡ್ಡಪ್ಪ: ಹಿರಿಯರೊಡನೆ ಹೀಗೆ ಮಾತನಾಡಬಾರದು. ಮನೆಯ ಸಂಸ್ಕಾರ ಕೆಟ್ಟಲ್ಲಿ ಚಟ ಬರುತ್ತದೆ. ಅದನ್ನು ಹೇಳಲು ಪ್ರಾಧ್ಯಾಪಕರೇ ಬೇಕಿಲ್ಲ.

ಶೈಲಕ್ಕ: ಕುಟುಂಬದ ಮನೆಯ ಚಾವಡಿಯಲ್ಲಿ ನಾವೆಲ್ಲ ಸಾಲಾಗಿ ಮಲಗುತ್ತಿದ್ದ ಕಾಲದಲ್ಲಿ, ಯಾರು ಮಂಕಾಗಿದ್ದಾರೆಂಬುದು ಅಜ್ಜಿಗೆ ಕೇಳದೆಯೇ ತಿಳಿಯುತ್ತಿತ್ತು.

ಅನಿತಾ: ಆ ಪ್ರಾಧ್ಯಾಪಕರ ಹೆಸರು ಬ್ರೂಸ್ ಅಲೆಕ್ಸಾಂಡರ್, ಬ್ರಿಟಿಷ್ ಕೊಲಂಬಿಯಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. ಒಂಟಿ ಪಂಜರದ ಇಲಿ ಮಾರ್ಫಿನ್ ಎಂಬ ಮಾದಕ ವಸ್ತು ಬೆರೆಸಿದ ನೀರನ್ನೇ ಕುಡಿಯುವುದು ಮಾರ್ಫಿನ್‌ನ ಗುಣದಿಂದಲೋ, ಒಂಟಿತನದಿಂದಲೋ ಎಂದು ತಿಳಿಯಲು ಅವರು 1970ರ ದಶಕದ ಕೊನೆಯಲ್ಲಿ ಮಾಮೂಲಿ ಪಂಜರದ ಸುಮಾರು 200 ಪಟ್ಟು ವಿಸ್ತಾರದ ‘ರ‍್ಯಾಟ್ ಪಾರ್ಕ್’ (ಇಲಿಗಳ ಉದ್ಯಾನ) ಕಟ್ಟಿ, ಗಂಡು ಹೆಣ್ಣು ಇಲಿಗಳನ್ನು ಒಟ್ಟಿಗೆ ಬಿಟ್ಟರು. ಅಲ್ಲಿನವು ಮಾರ್ಫಿನ್ ನೀರನ್ನು ಬಹಳ ಕಡಿಮೆ ಕುಡಿದವು. ‘ಸೈನ್ಸ್’ ಮತ್ತು ‘ನೇಚರ್’ ಎಂಬ ವಿಜ್ಞಾನ ಪತ್ರಿಕೆಗಳು ಒಪ್ಪದ ಈ ಪ್ರಬಂಧ 1978ರಲ್ಲಿ ‘ಸೈಕೋಫಾರ್ಮಕಾಲಜಿ’ ಎಂಬ ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದೆ ಇತರರು ಮಾಡಿದ ಪ್ರಯೋಗಗಳಲ್ಲಿ ಕೆಲವಕ್ಕೆ ಇದೇ ಫಲಿತಾಂಶ ಬರಲಿಲ್ಲ. ಆದ್ದರಿಂದ ‘ಸಾಬೀತು’ ಎಂಬುದು ತಪ್ಪು, ಚಟ ಹತ್ತುವುದೇ ಇಲ್ಲವೆಂಬುದು ಇನ್ನೂ ದೊಡ್ಡ ತಪ್ಪು. ಆದರೆ ಒಂಟಿತನದ ಬಗ್ಗೆ ಅಲೆಕ್ಸಾಂಡರ್ ಎತ್ತಿದ ಪ್ರಶ್ನೆ ಗಟ್ಟಿಯಾದದ್ದು. ದೊಡ್ಡಪ್ಪ, ಸಂಸ್ಕಾರದ ಮಾತು ನನ್ನ ತಮ್ಮನನ್ನು ಉದ್ದೇಶಿಸಿದ್ದೆಂದು ಎಲ್ಲರಿಗೂ ಅರ್ಥವಾಗುತ್ತದೆ. ಅವನು ಚಿಕಿತ್ಸೆ ಮುಗಿಸಿ ಬಂದ ಮೇಲೆ ಅವನನ್ನು ಈ ಗುಂಪಿನಿಂದ ತೆಗೆದಿರಿ, ಕಾರ್ಕಳದ ಮದುವೆಗೂ ಕರೆಯಲಿಲ್ಲ. ಔಷಧಿ, ಆಪ್ತಸಮಾಲೋಚನೆ ಎರಡೂ ಬೇಕು, ನಿಜ. ಆದರೆ ಸಂಜೆ ಆರಕ್ಕೆ ಮಾತನಾಡಲು ಒಬ್ಬರೂ ಇಲ್ಲದ ಹುಡುಗನಿಗೆ ಅವೆರಡೇ ಸಾಲುವುದಿಲ್ಲ.

ದೊಡ್ಡಪ್ಪ: ಮದುವೆಯ ಪಟ್ಟಿ ನಾನು ಮಾಡಿದ್ದಲ್ಲ, ಅದು ಚಿಕ್ಕಪ್ಪನ ಮನೆಯಲ್ಲಿ ಆದದ್ದು.

ಚಿಕ್ಕಪ್ಪ (ಸುರತ್ಕಲ್): ಅವನ ಹೆಸರನ್ನು ಬಿಡಿಸಿದ್ದು ಯಾರೆಂದು ಅಣ್ಣನಿಗೆ ಚೆನ್ನಾಗಿ ಗೊತ್ತಿದೆ.

ಅನಿತಾ: ಯಾರು ಬಿಡಿಸಿದರೆಂಬ ಚರ್ಚೆ ಈಗ ಬೇಡ. ಬರುವ ದೈವದ ನೇಮೋತ್ಸವಕ್ಕೆ ನೀವಿಬ್ಬರೂ ಅವನಿಗೆ ಫೋನು ಮಾಡಿ ಕರೆಯಿರಿ. ಅವನ ನಂಬರು ಬದಲಾಗಿಲ್ಲ.