ಒಂಟೆಗೆ ಸಕ್ಕರೆ ಕಾಯಿಲೆನಾ? ರಕ್ತದ ರಿಪೋರ್ಟ್ ನೋಡಿ ಹೇಳಿ

ಪ್ರಶ್ನೆ (ಧಾರವಾಡ):
ನಮ್ಮ ತೋಟದಲ್ಲಿ ಒಂದು ಹೆಣ್ಣು ಒಂಟೆ ಇದೆ, ಒಂಬತ್ತು ವರ್ಷದ್ದು. ಮಳೆ ಹಿಡಿದಾಗಿನಿಂದ ಸೊರಗುತ್ತಿದೆ. ಜೋಳದ ಕಣಿಕೆ ತಿನ್ನುತ್ತದೆ, ದಿನಾ ನೀರು ಕುಡಿಯುತ್ತದೆ. ಆದರೂ ಡುಬ್ಬ ಕರಗಿ ಒಂದು ಕಡೆ ವಾಲಿದೆ. ಎರಡು ದಿನ ಜ್ವರ, ಒಂದು ವಾರ ಆರಾಮ, ಮತ್ತೆ ಜ್ವರ. ಹೋದ ಸಲ 40 ಡಿಗ್ರಿ ಇತ್ತು. ರಕ್ತದ ರಿಪೋರ್ಟಿನಲ್ಲಿ ಸಕ್ಕರೆ 118, ಅದಕ್ಕೆ ಕೆಂಪು ಗುರುತು. ರಕ್ತಕಣಗಳು ಮೊಟ್ಟೆ ಆಕಾರದಲ್ಲಿವೆ, ಸರಿಯಿಲ್ಲ ಅಂತಲೂ ಬರೆದಿದ್ದಾರೆ. ಪಿಸಿವಿ 19. ರೋಗಾಣು ಏನೂ ಕಾಣಲಿಲ್ಲವಂತೆ. ಸಕ್ಕರೆಗೆ ಏನು ಮಾಡಲಿ?

ಉತ್ತರ (ಗದಗ):
ಅಣ್ಣಾ, ಸಕ್ಕರೆ ಚಿಂತೆ ಬಿಡಿ. ಆ ಗುರುತು ಹಸುವಿನ ಲೆಕ್ಕದ್ದು. ಹಸುವಿಗೆ 45ರಿಂದ 75 ಸರಿ, ಒಂಟೆಗೆ ನೂರರ ಆಚೀಚೆ ಇರುವುದೇ ಸಹಜ. ರಕ್ತ ತೆಗೆಯುವಾಗ ಗಾಬರಿಯಾದರೆ ಇನ್ನೂ ಏರುತ್ತದೆ. ಮೊಟ್ಟೆ ಆಕಾರವೂ ರೋಗವಲ್ಲ, ಒಂಟೆಯ ಕೆಂಪು ಕಣ ಇರುವುದೇ ಹಾಗೆ. ಬಾಯಾರಿದ ಒಂಟೆ ಒಮ್ಮೆಲೇ ನೂರು ಲೀಟರ್ ನೀರು ಕುಡಿದರೂ ಆ ಕಣ ಉಬ್ಬುತ್ತದೆ, ಒಡೆಯುವುದಿಲ್ಲ.

ನನಗೆ ಭಯ ಆಗಿದ್ದು 19 ನೋಡಿ. ಪಿಸಿವಿ ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಒಂಟೆಗೆ 25ರ ಹತ್ತಿರವಾದರೂ ಬೇಕು. ನೀರು ಸಿಗದ ಒಂಟೆಯ ಮೈ ಬಿಸಿಲಲ್ಲಿ 40 ಡಿಗ್ರಿ ಮುಟ್ಟುವುದುಂಟು. ನಿಮ್ಮದು ದಿನಾ ನೀರು ಕುಡಿಯುವುದು, ಮೇಲಾಗಿ ಮಳೆಗಾಲ. ಅದು ಜ್ವರವೇ. ಸರ್ರಾ ಅನ್ನೋ ರೋಗ ಇರಬಹುದು. ಅದನ್ನು ತರುವುದು ಟ್ರಿಪನೊಸೋಮಾ ಇವಾನ್ಸಿ ಅನ್ನೋ ರೋಗಾಣು, ಕುದುರೆನೊಣ ಕಚ್ಚಿ ಹರಡುತ್ತದೆ. ರಾಜಸ್ಥಾನದಲ್ಲಿ ಇದಕ್ಕೆ ತಿಬರ್ಸಾ ಅನ್ನುತ್ತಾರೆ, ಮೂರು ವರ್ಷ ಎಳೆಯುತ್ತದೆ ಅಂತ. ಜ್ವರ ಇಳಿದ ದಿನ ರಕ್ತದಲ್ಲಿ ಅದು ಸಿಗುವುದೇ ಕಷ್ಟ. ಬೆಳಿಗ್ಗೆ, ಸಂಜೆ ಜ್ವರ ನೋಡಿ ಬರೆದಿಡಿ. ಏರಿದ ದಿನವೇ ರಕ್ತ ತೆಗೆಸಿ, ಒಂದು ಹನಿ ಒಣಗುವ ಮೊದಲೇ ಮೈಕ್ರೋಸ್ಕೋಪಿನಲ್ಲಿ ನೋಡಿಸಿ.

ಇದೊಂದು ಮಾತ್ರ ಮರೆಯಬೇಡಿ. ದನಕ್ಕೆ ಕೊಡುವ ಡಿಮಿನಾಜಿನ್ ಇಂಜೆಕ್ಷನ್ ಒಂಟೆಗೆ ಬೇಡವೇ ಬೇಡ, ಅದಕ್ಕೆ ವಿಷವಾಗುತ್ತದೆ. ಒಂಟೆಯ ಸರ್ರಾಕ್ಕೆ ಕೊಡುವ ಔಷಧಿ ಕ್ವಿನಾಪೈರಮಿನ್, ಅದರ ಬಗ್ಗೆ ಡಾಕ್ಟರನ್ನು ಕೇಳಿ.

ಪ್ರಶ್ನೆ ಕೇಳಿದವರು:
ಐದನೇ ದಿನ ಸಂಜೆ 40.2 ಬಂತು. ಕೂಡಲೇ ಡಾಕ್ಟರನ್ನು ಕರೆಸಿದೆ. ಹಸಿ ಹನಿಯಲ್ಲಿ ನಾನೇ ಕಣ್ಣಾರೆ ನೋಡಿದೆ. ಕಣಗಳ ನಡುವೆ ಸಣ್ಣ ಹಾವಿನ ಮರಿಯಂತೆ ಹೊರಳುತ್ತಿತ್ತು, ತಾಗಿದಲ್ಲೆಲ್ಲ ಕಣಗಳು ಅಲುಗುತ್ತಿದ್ದವು. ಕ್ವಿನಾಪೈರಮಿನ್ ಕೊಟ್ಟಿದ್ದಾರೆ. ಪಕ್ಕದ ಮನೆಯವರ ಕುದುರೆಗೂ ಬರುತ್ತಾ?

ಉತ್ತರ (ಗದಗ):
ಬರುತ್ತದೆ, ಕುದುರೆಗೆ ಜೋರಾಗಿಯೇ ಬರುತ್ತದೆ. ಅದರ ರಕ್ತವನ್ನೂ ನಾಳೆಯೇ ನೋಡಿಸಲು ಹೇಳಿ. ಎರಡು ವಾರ ಬಿಟ್ಟು ಒಂಟೆಯ ಪಿಸಿವಿ ಮತ್ತೆ ಮಾಡಿಸಿ, ಎಷ್ಟು ಬಂತು ಅಂತ ಇಲ್ಲೇ ತಿಳಿಸಿ ಅಣ್ಣಾ.