ಕೋರ್ಟ್ ಬಿಟ್ಟು ಡಾಕ್ಯುಮೆಂಟ್ ರಿವ್ಯೂ ಕೆಲಸಕ್ಕೆ ಹೋಗಲಾ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಎರಡು ವರ್ಷದಿಂದ ಸೀನಿಯರ್ ಹತ್ತಿರ ಜೂನಿಯರ್ ಆಗಿದ್ದೇನೆ. ಕೈಗೆ ಬರುವುದು ರೂಮ್ ಬಾಡಿಗೆಗೂ ಸಾಲಲ್ಲ. ಬೆಂಗಳೂರಿನ ಒಂದು ಎಲ್‌ಪಿಒದಿಂದ (ಬೇರೆಯವರ ಕಾನೂನು ಕೆಲಸವನ್ನು ಹೊರಗುತ್ತಿಗೆಯಲ್ಲಿ ಮಾಡಿಕೊಡುವ ಕಂಪನಿ) ಆಫರ್ ಬಂದಿದೆ, ಅಮೆರಿಕದ ಕೇಸುಗಳ ಇ-ಡಿಸ್ಕವರಿ ಅಂತೆ. ಮಾಡಿದವರು ಇದ್ದರೆ ಹೇಳಿ.

ಉತ್ತರ 1: ನಾನು ಇದರಲ್ಲೇ ಇದ್ದೇನೆ. ಅಮೆರಿಕದ ಕೇಸುಗಳಲ್ಲಿ ಟ್ರಯಲ್‌ಗೆ ಮುಂಚೆಯೇ ಎದುರು ಪಾರ್ಟಿ ಕೇಳಿದ ದಾಖಲೆ ಹುಡುಕಿ ಕೊಡಬೇಕು, ಇದಕ್ಕೇ ಡಿಸ್ಕವರಿ ಅನ್ನುವುದು. 2006ರಲ್ಲಿ ಅಲ್ಲಿನ ಫೆಡರಲ್ ಕೋರ್ಟ್‌ಗಳ ಸಿವಿಲ್ ರೂಲ್ಸ್ ತಿದ್ದಿ ಕಂಪ್ಯೂಟರ್‌ನಲ್ಲಿ ಇರುವುದೂ ಇದಕ್ಕೆ ಸೇರುತ್ತದೆ ಅಂತ ಸ್ಪಷ್ಟ ಮಾಡಿದರು. ನೀವು ಮಾಡುವುದು ಇಷ್ಟೇ: ಒಂದೊಂದೇ ಮೇಲ್ ತೆರೆದು ರೆಸ್ಪಾನ್ಸಿವ್ (ಎದುರು ಪಾರ್ಟಿ ಕೇಳಿದ್ದಕ್ಕೆ ಸಂಬಂಧಪಟ್ಟದ್ದು) ಹೌದಾ ಅಲ್ವಾ, ಪ್ರಿವಿಲೆಜ್ (ವಕೀಲ-ಕಕ್ಷಿದಾರರ ನಡುವಿನ ಗುಟ್ಟು ಅಂತ ಕೊಡದೆ ಇಡುವ ಹಕ್ಕು) ಇದೆಯಾ ಇಲ್ವಾ ಅಂತ ಟಿಕ್ ಹಾಕುವುದು. ಜಾಸ್ತಿ ಬರುವುದು 'ಊಟಕ್ಕೆ ಎಲ್ಲಿಗೆ' ಥರದ ಮೇಲ್‌ಗಳೇ. ಬೋರ್ ಆಗುತ್ತದೆ, ಸುಳ್ಳು ಯಾಕೆ ಹೇಳಲಿ.

ತಲೆ ಓಡಿಸಬೇಕಾಗಿರುವುದು ಪ್ರಿವಿಲೆಜ್‌ನಲ್ಲಿ. ವಕೀಲರ ಹೆಸರು ಸಿಸಿಯಲ್ಲಿ ಇದ್ದ ಮಾತ್ರಕ್ಕೆ ಮೇಲ್ ಬಚ್ಚಿಡಲು ಆಗಲ್ಲ, ಕಾನೂನು ಸಲಹೆ ಕೇಳಿದ್ದಾರಾ, ಕೊಟ್ಟಿದ್ದಾರಾ ನೋಡಬೇಕು. ಒಂದೇ ಮೇಲ್ ಸರಣಿಯಲ್ಲಿ ಮೇಲಿನ ಮೂರು ಮೇಲ್ ಬರೀ ರೇಟಿನ ಚೌಕಾಸಿ ಇರುತ್ತದೆ, ಕೆಳಗೆ ಒಂದೇ ಪ್ಯಾರಾದಲ್ಲಿ ಕಂಪನಿ ಲಾಯರ್ ಕಾಂಟ್ರಾಕ್ಟ್ ಮುರಿದರೆ ಏನಾಗುತ್ತದೆ ಅಂತ ಬರೆದಿರುತ್ತಾರೆ. ಆ ಪ್ಯಾರಾ ಮಾತ್ರ ಕಪ್ಪು ಮಾಡಿ, ಯಾಕೆ ಅಂತ ಲಾಗ್‌ನಲ್ಲಿ (ಹೀಗೆ ತಡೆಹಿಡಿದದ್ದರ ಪಟ್ಟಿ) ಒಂದು ಸಾಲು ಬರೆಯಬೇಕು, ಹಾಗಂತ ಆ ಸಾಲಿನಲ್ಲೇ ಸಲಹೆ ಏನು ಅಂತ ಬಾಯಿಬಿಡಬಾರದು. ಇದು ಕೈಗೆ ಹತ್ತಿದವರನ್ನು ಬೇಗ ಕ್ಯೂಸಿಗೆ (ಬೇರೆಯವರು ಮಾಡಿದ್ದನ್ನು ಪರಿಶೀಲಿಸುವ ಕೆಲಸ) ಹಾಕುತ್ತಾರೆ. ಸುಮ್ನೆ ಟಿಕ್ ಹಾಕುವವರು ಅಲ್ಲೇ ಕೊಳೆಯುತ್ತಾರೆ.

ಉತ್ತರ 2: ತಮ್ಮಾ, ಸನದಿನ (ವಕೀಲಿಕೆಯ ಪರವಾನಗಿ) ವಿಷಯ ಮರೆಯಬೇಡ. ಬಾರ್ ಕೌನ್ಸಿಲ್ ನಿಯಮ 49ರ ಪ್ರಕಾರ ಫುಲ್ ಟೈಮ್ ಸಂಬಳದ ಕೆಲಸ ಹಿಡಿದರೆ ರಾಜ್ಯ ಬಾರ್ ಕೌನ್ಸಿಲ್‌ಗೆ ತಿಳಿಸಿ ಪ್ರಾಕ್ಟೀಸ್ ನಿಲ್ಲಿಸಬೇಕು. ಸಿವಿಲ್ ಜಡ್ಜ್ ಪರೀಕ್ಷೆಗೆ ಮೂರು ವರ್ಷದ ಪ್ರಾಕ್ಟೀಸ್ ಬೇಕೇ ಬೇಕು ಅಂತ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ನಿನಗೆ ಆಗಿರುವುದು ಎರಡೇ. ಜಡ್ಜ್ ಆಗುವ ಆಸೆ ಇದ್ದರೆ ಹೇಗಾದರೂ ಇನ್ನೊಂದು ವರ್ಷ ತಡೆದು ಹೋಗು.

ಉತ್ತರ 3: ಎಐ ಬಂತು, ಕೆಲಸ ಹೋಯಿತು ಅಂತ ಹೆದರಿಸುವವರು ಇದ್ದಾರೆ. ಕಂಪ್ಯೂಟರ್‌ಗೆ ಕಲಿಸಿ ದಾಖಲೆ ವಿಂಗಡಿಸುವುದನ್ನು ನ್ಯೂಯಾರ್ಕಿನ ಜಡ್ಜ್ ಆಂಡ್ರ್ಯೂ ಪೆಕ್ 2012ರಲ್ಲೇ ಡಾ ಸಿಲ್ವಾ ಮೂರ್ ಕೇಸಿನಲ್ಲಿ ಒಪ್ಪಿದ್ದರು. ಆದರೂ ಅದು ಸರಿಯಾಗಿ ವಿಂಗಡಿಸಿದೆಯಾ ಅಂತ ಸ್ಯಾಂಪಲ್ ತೆಗೆದು ನೋಡಲು ಮನುಷ್ಯ ಬೇಕು. ಸೇರಿದರೆ ದಾಖಲೆ ರಿವ್ಯೂಗೆ ಬಳಸುವ ರಿಲೇಟಿವಿಟಿ ಸಾಫ್ಟ್‌ವೇರ್‌ನಲ್ಲಿ ಸರ್ಚ್ ಕಟ್ಟುವುದನ್ನು ಕಲಿತುಬಿಡಿ. ಆಫರ್‌ಗೆ ಸಹಿ ಹಾಕುವ ಮುಂಚೆ ನೈಟ್ ಶಿಫ್ಟ್ ಇದೆಯಾ, ಪ್ರಾಜೆಕ್ಟ್ ಮುಗಿದ ಮೇಲೆ ಕೆಲಸವಿಲ್ಲದೆ ಬೆಂಚ್‌ನಲ್ಲಿ ಕೂತರೂ ಸಂಬಳ ಕೊಡುತ್ತಾರಾ ಕೇಳಿ. ಎರಡನೆಯದಕ್ಕೆ ಎಚ್‌ಆರ್ ತಡವರಿಸಿದರೆ ಬೇರೆ ಕಂಪನಿ ನೋಡಿ.